ಚರ್ಮದ ಸ್ಲೈಡಿನಲ್ಲಿ ಐದು ಪದರ ಕಾಣುವುದೇ ಇಲ್ಲ, ಹೇಗೆ ನೋಡಬೇಕು?

ದೇರಳಕಟ್ಟೆ ಫಸ್ಟ್ ಇಯರ್

ಎಲ್ಲರಿಗೂ ನಮಸ್ಕಾರ. ನಾನು ದೇರಳಕಟ್ಟೆಯಲ್ಲಿ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹಾಗಾಗಿ ಕನ್ನಡದಲ್ಲಿ ಕೇಳಿದರೇ ನನಗೆ ಸರಿಯಾಗಿ ತಲೆಗೆ ಹೋಗುವುದು.

ಈ ವಾರ ಹಿಸ್ಟಾಲಜಿ (ಅಂಗಾಂಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಲಿಯುವ ವಿಷಯ) ಪ್ರಾಕ್ಟಿಕಲ್‌ನಲ್ಲಿ ಚರ್ಮದ ಎರಡು ಸ್ಲೈಡ್ ಕೊಟ್ಟರು. ಒಂದು ಅಂಗೈ ಅಂಗಾಲಿನ ದಪ್ಪ ಚರ್ಮ, ಒಂದು ಉಳಿದ ಕಡೆಯ ತೆಳು ಚರ್ಮ. ಪುಸ್ತಕದಲ್ಲಿ ಎಪಿಡರ್ಮಿಸ್, ಅಂದರೆ ಹೊರಚರ್ಮದ ಐದು ಪದರಕ್ಕೆ ಐದು ಬಾಣ ಹಾಕಿ ಚಂದ ತೋರಿಸಿದ್ದಾರೆ. ನನಗೆ ಕಂಡದ್ದು ಮೇಲೆ ಗುಲಾಬಿ, ನಡುವೆ ನೇರಳೆ, ಕೆಳಗೆ ಮತ್ತೆ ಗುಲಾಬಿ. ಅಷ್ಟೇ. ಟೈಮ್ ಮುಗಿಯಿತು ಅಂತ ಪುಸ್ತಕ ನೋಡಿ ಐದು ಪದರ ಬಿಡಿಸಿ ರೆಕಾರ್ಡಿಗೆ ಸೈನ್ ಹಾಕಿಸಿಕೊಂಡೆ. ಕಾಣದೇ ಇದ್ದದ್ದನ್ನು ಕಂಡೆ ಅಂತ ಬರೆದ ಹಾಗಾಯಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಇನ್ನೊಂದು ಸಂಶಯ ಉಂಟು. ನೇರಳೆ ಭಾಗದ ನಡುವೆ ಅಲ್ಲಲ್ಲಿ ದುಂಡಗೆ ಗುಲಾಬಿ ದ್ವೀಪಗಳು ಕಂಡವು. ನಾನು ಗ್ರಂಥಿ ಅಂದುಕೊಂಡೆ. ಪಕ್ಕದ ಬೆಂಚಿನವಳು ರಕ್ತನಾಳ ಅಂದಳು. ಎಪಿಡರ್ಮಿಸ್‌ನಲ್ಲಿ ರಕ್ತನಾಳ ಇರುವುದಿಲ್ಲ ಅಲ್ವಾ? ಹಾಗಾದರೆ ಅದೆಂತ?

ಸೀನಿಯರ್, ಅತ್ತಾವರ

ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೇಸಾಲೆ, ಸ್ಪೈನೋಸಮ್, ಗ್ರಾನುಲೋಸಮ್, ಲೂಸಿಡಮ್, ಕಾರ್ನಿಯಮ್. ಕೆಳಗಿನಿಂದ ಮೇಲಕ್ಕೆ ಇದೇ ಆರ್ಡರ್. ಬಾಯಿಪಾಠ ಮಾಡಿ, ವೈವಾದಲ್ಲಿ ಪಟಪಟ ಹೇಳಿ. ಅಷ್ಟು ಸಾಕು. ನಾವೆಲ್ಲ ಹಾಗೇ ಪಾಸಾದದ್ದು.

ಕದ್ರಿ ಮಾಸ್ಟ್ರು

ನಾನು ಅನಾಟಮಿ ಪಾಠ ಮಾಡಿ ನಿವೃತ್ತನಾದವನು. ಸೀನಿಯರ್ ಹೇಳಿದ ಹಾಗೆ ವೈವಾ ಪಾಸಾಗಬಹುದು. ಆದರೆ ಈ ಹುಡುಗಿ ಕೇಳಿದ್ದು ಬೇರೆ. ಕಾಣಬೇಕು ಅಂತ ಕೇಳಿದ್ದಾಳೆ. ಕಾಣಿಸಿಕೊಡಬಹುದು.

ಮಗಳೇ, ಮೊದಲು 4ರ ಲೆನ್ಸ್ ಹಾಕು, ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವುದು. ಹೆಚ್ಚಿನ ಮಕ್ಕಳು ಸ್ಲೈಡ್ ಇಟ್ಟ ಕೂಡಲೇ 40ಕ್ಕೆ ತಿರುಗಿಸುತ್ತಾರೆ. ಕಣ್ಣಿಡುವ ಐಪೀಸಿನ ಮೇಲೆ 18 ಅಂತ ಬರೆದಿದ್ದರೆ ಅದನ್ನು 40ರಿಂದ ಭಾಗಿಸಿ ನೋಡು. 0.45 ಮಿ.ಮೀ. ಬರುತ್ತದೆ. ನಿನಗೆ ಕಾಣುವ ಬೆಳಕಿನ ವೃತ್ತದ ಅಗಲ ಅಷ್ಟೇ. ಅಂಗಾಲಿನ ಎಪಿಡರ್ಮಿಸ್ ಒಂದು ಮಿಲಿಮೀಟರಿಗೂ ಜಾಸ್ತಿ ದಪ್ಪ ಇರಬಹುದು. ಅದು ಆ ವೃತ್ತದೊಳಗೆ ಹಿಡಿಸುವುದೇ ಇಲ್ಲ. ಊರೇ ಕಾಣದಿದ್ದರೆ ಮನೆ ಎಲ್ಲಿ ಹುಡುಕುವುದು? 4ರ ಲೆನ್ಸಿನಲ್ಲಿ ನಾಲ್ಕೂವರೆ ಮಿಲಿಮೀಟರ್ ಕಾಣುತ್ತದೆ. ಅಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತು ಮಾಡಿಕೋ. ಸ್ಲೈಡಿನ ಅಡಿಯ ಕಂಡೆನ್ಸರ್ ಲೆನ್ಸಿನ ಕೆಳಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಐರಿಸ್ ಉಂಟು, ಅದನ್ನು ಸ್ವಲ್ಪ ಮುಚ್ಚು. ಪೂರ್ತಿ ತೆರೆದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಗೆರೆಗಳೆಲ್ಲ ಮಾಯ.

ಆಮೇಲೆ 10ರ ಲೆನ್ಸ್. ಇಲ್ಲಿ ಐದೂ ಪದರ ಒಟ್ಟಿಗೆ ಹುಡುಕಬೇಡ. ಒಂದನ್ನೇ ಹುಡುಕು. ಗ್ರಾನುಲೋಸಮ್. ಅದರ ಗುರುತು ತಪ್ಪುವುದಿಲ್ಲ. ಚಪ್ಪಟೆ ಕೋಶಗಳು, ಅದರ ಒಳಗೆ ಕರಿ ಎಳ್ಳು ಉದುರಿಸಿದ ಹಾಗೆ ಗಾಢ ನೇರಳೆ ಕಾಳುಗಳು. ತೆಳು ಚರ್ಮದಲ್ಲಿ ಒಂದರಿಂದ ಮೂರು ಸಾಲು, ಅಂಗೈ ಅಂಗಾಲಿನಲ್ಲಿ ಇನ್ನೂ ಜಾಸ್ತಿ. ಆ ಕಾಳುಗಳ ಹೆಸರು ಕೆರಾಟೋಹಯಾಲಿನ್. ಅದು ಸಿಕ್ಕಿತು ಅಂದರೆ ಗಡಿಕಲ್ಲು ಸಿಕ್ಕಿದ ಹಾಗೆ. ಅದರ ಕೆಳಗಿನದ್ದೆಲ್ಲ ಜೀವಂತ ಕೋಶ, ಮೇಲಿನದ್ದೆಲ್ಲ ಸತ್ತ ಕೋಶ.

ಗಡಿಯಿಂದ ಕೆಳಗೆ ಹೋಗು. ಅಗಲವಾದ ಬಹುಕೋನದ ಕೋಶಗಳು, ನಡುವೆ ದುಂಡು ನ್ಯೂಕ್ಲಿಯಸ್. ಅದು ಸ್ಪೈನೋಸಮ್. ಇನ್ನೂ ಕೆಳಗೆ, ತೀರಾ ಬುಡದಲ್ಲಿ ಒಂದೇ ಒಂದು ಸಾಲು ಎತ್ತರದ ಕೋಶಗಳು ಒತ್ತೊತ್ತಾಗಿ ನಿಂತಿವೆ. ಅದು ಬೇಸಾಲೆ. ನಮ್ಮವರ ಚರ್ಮದಲ್ಲಿ ಅದನ್ನು ಗುರುತಿಸಲು ಇನ್ನೊಂದು ಅನುಕೂಲ ಉಂಟು. ಬುಡದ ಸಾಲಿನ ಉದ್ದಕ್ಕೂ ಕಂದು ಬಣ್ಣ ಕಾಣುತ್ತದೆ. ಅದು ಗುಲಾಬಿ, ನೇರಳೆಯ ಹಾಗೆ ಲ್ಯಾಬಿನಲ್ಲಿ ಹಾಕಿದ ಬಣ್ಣ ಅಲ್ಲ, ನಮ್ಮದೇ ಮೆಲನಿನ್. 40ರಲ್ಲಿ ಸರಿಯಾಗಿ ನೋಡಿದರೆ ನ್ಯೂಕ್ಲಿಯಸ್ಸಿನ ತಲೆ ಮೇಲೆ ಕೊಡೆ ಹಿಡಿದ ಹಾಗೆ ಕೂತಿರುತ್ತದೆ. ಬಿಸಿಲಿನ ಏಟು ನ್ಯೂಕ್ಲಿಯಸ್ಸಿಗೆ ತಾಗಬಾರದು ಅಂತ.

ಈಗ ಗಡಿಯಿಂದ ಮೇಲೆ. ಬರೀ ಗುಲಾಬಿ, ನ್ಯೂಕ್ಲಿಯಸ್ ಒಂದೂ ಇಲ್ಲ. ಅದು ಕಾರ್ನಿಯಮ್. ಲೂಸಿಡಮ್ ಇರುವುದು ದಪ್ಪ ಚರ್ಮದಲ್ಲಿ ಮಾತ್ರ. ಅದೂ ಎಲ್ಲ ಸ್ಲೈಡಿನಲ್ಲಿ ಸ್ಪಷ್ಟ ಇರುವುದಿಲ್ಲ. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಹೇಳು. ನಾನು ಪರೀಕ್ಷಕನಾಗಿದ್ದಾಗ ಹಾಗೆ ಹೇಳಿದ ಮಕ್ಕಳಿಗೆ ಮಾರ್ಕು ಕೊಟ್ಟಿದ್ದೇನೆ.

ಇದರ ಹಿಂದಿನ ಮಾತು ಒಂದುಂಟು. ನೀನು ನೋಡುತ್ತಿರುವುದು ಒಂದೇ ಕೋಶದ ಬೇರೆ ಬೇರೆ ವಯಸ್ಸು. ಬುಡದಲ್ಲಿ ಹುಟ್ಟುತ್ತದೆ, ಮೇಲೆ ಏರುತ್ತಾ ಅಗಲವಾಗುತ್ತದೆ, ಚಪ್ಪಟೆಯಾಗುತ್ತದೆ, ಒಳಗೆ ಕಾಳು ಕಟ್ಟುತ್ತದೆ, ನ್ಯೂಕ್ಲಿಯಸ್ ಕಳೆದುಕೊಳ್ಳುತ್ತದೆ, ಕೊನೆಗೆ ಹೊಟ್ಟಿನ ಹಾಗೆ ಉದುರುತ್ತದೆ. ಸುಮಾರು ನಾಲ್ಕು ವಾರದ ಪಯಣ, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಪಯಣವನ್ನು ಒಂದು ಕ್ಷಣಕ್ಕೆ ನಿಲ್ಲಿಸಿ ಗಾಜಿಗೆ ಅಂಟಿಸಿದ್ದಾರೆ. ಅದಕ್ಕೇ ಪದರಗಳ ನಡುವೆ ಗೆರೆ ಎಳೆದ ಹಾಗೆ ಇರುವುದಿಲ್ಲ. ಗೆರೆ ಹುಡುಕಿದ್ದಕ್ಕೇ ನಿನಗೆ ಕಾಣಲಿಲ್ಲ.

ದ್ವೀಪದ ವಿಷಯ. ಎಪಿಡರ್ಮಿಸ್‌ನ ಅಡಿಭಾಗ ಸಪಾಟಾಗಿ ಇಲ್ಲ. ಒಳಚರ್ಮದಿಂದ ಸಣ್ಣ ಸಣ್ಣ ಗುಬುಟುಗಳು ಮೇಲೆದ್ದು ಅದರೊಳಗೆ ಚುಚ್ಚಿಕೊಂಡಿರುತ್ತವೆ. ಹಲಸಿನಕಾಯಿಯ ಮುಳ್ಳು ನೆನಪು ಮಾಡಿಕೋ. ಕಾಯಿಯನ್ನು ನೇರ ಸೀಳಿದರೆ ಮುಳ್ಳುಗಳು ಹಲ್ಲಿನ ಸಾಲಿನ ಹಾಗೆ ಕಾಣುತ್ತವೆ, ಎಲ್ಲವೂ ಬುಡದಲ್ಲಿ ಸೇರಿಕೊಂಡಿರುತ್ತವೆ. ಅದೇ ಮುಳ್ಳುಗಳನ್ನು ಮೇಲಿನಿಂದ ಹೆರೆದರೆ? ಒಂದೊಂದು ಮುಳ್ಳು ಒಂದೊಂದು ಬಿಲ್ಲೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. ನಿನ್ನ ಸ್ಲೈಡ್ ಸ್ವಲ್ಪ ಓರೆಯಾಗಿ ಕತ್ತರಿಸಿದ್ದು. ದ್ವೀಪಗಳೆಲ್ಲ ಆ ಗುಬುಟುಗಳ ತುದಿ, ಡರ್ಮಲ್ ಪ್ಯಾಪಿಲೆ. ಅದರ ಒಳಗೆ ಸಣ್ಣ ರಕ್ತನಾಳವೂ ಇರುತ್ತದೆ. ಹಾಗಾಗಿ ನಿನ್ನ ಗೆಳತಿಗೆ ರಕ್ತನಾಳ ಕಂಡಿದ್ದರೆ ಅದೂ ಸುಳ್ಳಲ್ಲ. ಅದು ಎಪಿಡರ್ಮಿಸ್‌ನದ್ದಲ್ಲ, ಅಷ್ಟೇ.

ದೇರಳಕಟ್ಟೆ ಫಸ್ಟ್ ಇಯರ್

ಸರ್, ಹಲಸಿನ ಮುಳ್ಳು ಓದಿದ ಕೂಡಲೇ ದ್ವೀಪದ ವಿಷಯ ಅರ್ಥವಾಯಿತು. ದ್ವೀಪದ ಸುತ್ತ ಬುಡದ ಕೋಶಗಳ ಒಂದು ಉಂಗುರ ಇರಬೇಕು ಅಲ್ವಾ ಹಾಗಾದರೆ?

ಕದ್ರಿ ಮಾಸ್ಟ್ರು

ಇರಲೇಬೇಕು. ಉಂಗುರದಲ್ಲಿ ಕಂದು ಬಣ್ಣವೂ ಇರುತ್ತದೆ. ಶಾಭಾಸ್.

ಉಡುಪಿ ಲ್ಯಾಬ್ ಅಕ್ಕ

ನಾನು ಸ್ಲೈಡ್ ಮಾಡುವವಳು. ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಸ್ಲೈಡಿನ ಈ ಕಡೆಯ ಕಥೆಯೂ ಗೊತ್ತಿದ್ದರೆ ತಂಗಿಗೆ ನೋಡಲು ಸುಲಭ.

ಚರ್ಮದ ತುಂಡು ನಮ್ಮಲ್ಲಿಗೆ ಬರುವಾಗಲೇ ಕೊಳೆಯದ ಹಾಗೆ ಫಾರ್ಮಲಿನ್‌ನಲ್ಲಿ ಇರುತ್ತದೆ. ಅಲ್ಲಿಂದ ಆಲ್ಕೋಹಾಲ್, ಮೊದಲು ನೀರು ಬೆರೆತದ್ದು, ಕೊನೆಗೆ ಅಪ್ಪಟ. ತುಂಡಿನೊಳಗಿನ ನೀರೆಲ್ಲ ಹೋಗಬೇಕು. ಆಮೇಲೆ ಜೈಲೀನ್, ಆಮೇಲೆ ಕರಗಿದ ಪ್ಯಾರಾಫಿನ್ ಮೇಣ. ಮೇಣದ ಬ್ಲಾಕ್ ಆರಿದ ಮೇಲೆ ಮೈಕ್ರೋಟೋಮ್‌ನಲ್ಲಿ 4 ಅಥವಾ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸುವುದು. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ರಕ್ತದ ಒಂದು ಕೆಂಪು ಕಣದ ಅಗಲ 7 ಮೈಕ್ರಾನ್ ಚಿಲ್ಲರೆ. ನಮ್ಮ ಸೆಕ್ಷನ್, ಅಂದರೆ ಕತ್ತರಿಸಿದ ಹೋಳು, ಅದಕ್ಕಿಂತ ತೆಳು. ಬ್ಲೇಡಿನಿಂದ ರಿಬ್ಬನ್ ಹಾಗೆ ಬರುತ್ತದೆ. ಅದನ್ನು ಕುಂಚದ ತುದಿಯಲ್ಲಿ ಹಿಡಿದು ಬೆಚ್ಚಗಿನ ವಾಟರ್ ಬಾತ್ ಮೇಲೆ ಬಿಟ್ಟರೆ ಸುಕ್ಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಉಸಿರು ಜೋರಾಗಿ ಬಿಟ್ಟರೂ ರಿಬ್ಬನ್ ಮಡಚಿ ಹೋಗುತ್ತದೆ. ನೀರಿನ ಮೇಲೆ ತೇಲುವಾಗಲೇ ಸ್ಲೈಡನ್ನು ಅಡಿಯಿಂದ ತಂದು ಎತ್ತಿಕೊಳ್ಳಬೇಕು.

ಅಂಗಾಲಿನ ಚರ್ಮ ಅಂದರೆ ನಮಗೆ ಕಷ್ಟ. ಮೇಲಿನ ಕೆರಾಟಿನ್ (ಉಗುರು, ಕೂದಲಿನಲ್ಲೂ ಇರುವ ಪ್ರೋಟೀನ್) ಗಟ್ಟಿ, ಕೆಳಗಿನ ಅಂಗಾಂಶ ಮೆತ್ತಗೆ. ಬ್ಲೇಡ್ ಗಟ್ಟಿ ಜಾಗದಲ್ಲಿ ನಡುಗುತ್ತದೆ, ಸೆಕ್ಷನ್ ಹರಿಯುತ್ತದೆ. ಒದ್ದೆ ಹತ್ತಿಯನ್ನು ಬ್ಲಾಕಿನ ಮುಖಕ್ಕೆ ಸ್ವಲ್ಪ ಹೊತ್ತು ಒತ್ತಿಟ್ಟು, ಐಸಿನ ಮೇಲೆ ತಣಿಸಿ ಮತ್ತೆ ಕತ್ತರಿಸುತ್ತೇವೆ. ತಂಗಿ, ನಿಮ್ಮ ದಪ್ಪ ಚರ್ಮದ ಸ್ಲೈಡಿನ ಗುಲಾಬಿ ಭಾಗದಲ್ಲಿ ಸಮ ದೂರದಲ್ಲಿ ಬಿಳಿ ಗೆರೆಗಳು ಕಂಡರೆ ಅದು ಪದರ ಅಲ್ಲ. ಬ್ಲೇಡ್ ನಡುಗಿದ ಗುರುತು.

ತೆಳು ಚರ್ಮದಲ್ಲಿ ಕಾರ್ನಿಯಮ್ ಬುಟ್ಟಿ ಹೆಣೆದ ಹಾಗೆ ಸಡಿಲವಾಗಿ ಕಾಣುತ್ತದೆ. ನಿಮ್ಮ ತೋಳಿನಲ್ಲಿ ಅದು ಹಾಗಿಲ್ಲ, ಒತ್ತಾಗಿ ಉಂಟು. ಕೋಶಗಳ ನಡುವಿನ ಕೊಬ್ಬಿನ ಅಂಶ ನಮ್ಮ ಆಲ್ಕೋಹಾಲ್, ಜೈಲೀನ್‌ನಲ್ಲಿ ಕರಗಿ ಹೋಗುತ್ತದೆ. ಖಾಲಿ ಜಾಗ ಉಳಿಯುತ್ತದೆ.

ಮಳೆಗಾಲದ ವಿಷಯ ಹೇಳಲೇಬೇಕು. ಜೂನ್ ಬಂತು ಅಂದರೆ ನಮ್ಮ ಊರಿನ ಗಾಳಿಯೇ ಒದ್ದೆ. ಅಪ್ಪಟ ಆಲ್ಕೋಹಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿನಲ್ಲಿ ಜಾರಿನ ಮುಚ್ಚಳ ಸರಿ ಕೂರುತ್ತಿರಲಿಲ್ಲ. ಒಂದು ಜುಲೈಯಲ್ಲಿ ಇಡೀ ದಿನದ ಬ್ಲಾಕುಗಳು ಮೆತ್ತಗಾಗಿ ಕತ್ತರಿಸಲಿಕ್ಕೇ ಆಗಲಿಲ್ಲ. ಒಂದೊಂದು ತುಂಡೂ ಒಬ್ಬ ರೋಗಿಯದ್ದು. ಎಲ್ಲವನ್ನೂ ಹಿಂದಕ್ಕೆ ಆಲ್ಕೋಹಾಲ್‌ಗೆ ಹಾಕಿ, ಪುನಃ ಮೇಣ ಹಿಡಿಸಿ, ರಾತ್ರಿ ಒಂಬತ್ತಕ್ಕೆ ಮನೆಗೆ ಹೋದೆ. ಅಂದಿನಿಂದ ಕೊನೆಯ ಜಾರಿನ ತಳದಲ್ಲಿ ಮೈಲುತುತ್ತು ಇಡುತ್ತೇನೆ. ನಮ್ಮ ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಅದೇ ಮೈಲುತುತ್ತು, ಆದರೆ ಕಾಯಿಸಿ ನೀರು ಹೋಗಿಸಿದ್ದು. ಬಿಳಿ ಪುಡಿ ಇರುತ್ತದೆ. ನೀಲಿಗೆ ತಿರುಗಿದರೆ ಆಲ್ಕೋಹಾಲ್‌ಗೆ ನೀರು ಸೇರಿದೆ, ಬದಲಿಸಬೇಕು ಅಂತ ಅರ್ಥ.

ದೇರಳಕಟ್ಟೆ ಫಸ್ಟ್ ಇಯರ್

ಅಕ್ಕ, ಒಂದು ಸ್ಲೈಡ್ ಹಿಂದೆ ಇಷ್ಟು ಕೆಲಸ ಉಂಟು ಅಂತ ಗೊತ್ತಿರಲಿಲ್ಲ. ನಾವು ಅದನ್ನು ಟ್ರೇಗೆ ಟಕ್ ಅಂತ ಹಾಕುತ್ತೇವೆ. ಇನ್ನು ಹಾಗೆ ಮಾಡುವುದಿಲ್ಲ.

ಬುಟ್ಟಿ ಹೆಣಿಗೆ ನಿಜವಾಗಿ ಇಲ್ಲ ಅಂದರೆ, ಪುಸ್ತಕದಲ್ಲಿ ಕೋಶದ ಸುತ್ತ ತೋರಿಸುವ ಸ್ಪೈನೋಸಮ್‌ನ ಮುಳ್ಳು? ಅದಾದರೂ ನಿಜವಾ?

ಕದ್ರಿ ಮಾಸ್ಟ್ರು

ಒಳ್ಳೆ ಪ್ರಶ್ನೆ. ಅರ್ಧ ನಿಜ. ಜೀವಂತ ಚರ್ಮದಲ್ಲಿ ಆ ಕೋಶಗಳಿಗೆ ಮುಳ್ಳಿಲ್ಲ, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಲ್ಯಾಬ್ ಅಕ್ಕ ಹೇಳಿದ ದಾರಿಯಲ್ಲಿ ಬರುವಾಗ ಕೋಶಗಳು ಕುಗ್ಗುತ್ತವೆ. ಆದರೆ ಕೆಲವು ಜಾಗದಲ್ಲಿ ಗುಂಡಿ ಹಾಕಿದ ಹಾಗೆ ಗಟ್ಟಿ ಹಿಡಿತ ಉಂಟು. ಡೆಸ್ಮೋಸೋಮ್. ಅಲ್ಲಿ ಮಾತ್ರ ಬಿಡುವುದಿಲ್ಲ. ಉಳಿದ ಕಡೆ ಕುಗ್ಗಿ, ಹಿಡಿದ ಕಡೆ ಎಳೆದುಕೊಂಡು ನಿಂತದ್ದೇ ಮುಳ್ಳು. ಮುಳ್ಳು ಲ್ಯಾಬಿನದ್ದು, ಹಿಡಿತ ಮಾತ್ರ ನಿಜ. ಕುಗ್ಗದೇ ಇದ್ದಿದ್ದರೆ ಆ ಹಿಡಿತ ಇಷ್ಟು ಚಂದ ನಮಗೆ ಕಾಣುತ್ತಲೇ ಇರಲಿಲ್ಲ. ಹಿಂದಿನವರು ಇದನ್ನು ಕೋಶದಿಂದ ಕೋಶಕ್ಕೆ ಹಾಕಿದ ಸೇತುವೆ ಅಂದುಕೊಂಡಿದ್ದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆಯೇ ಎರಡೂ ಕೋಶ ಬೇರೆ ಬೇರೆ ಅಂತ ಖಚಿತವಾದದ್ದು.

40ರಲ್ಲಿ ನೋಡುವಾಗ ಫೈನ್ ಫೋಕಸ್ ಮೇಲೆ ಬೆರಳು ಇಟ್ಟು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಡಿಸುತ್ತಾ ಇರು. ಎರಡು ಕೋಶದ ನಡುವಿನ ಬಿಳಿ ಸಂದಿನಲ್ಲಿ ಅಡ್ಡಕ್ಕೆ ಸಣ್ಣ ಸಣ್ಣ ಗೀಟು ಏಳುತ್ತದೆ.

ಚರ್ಮದ ಡಾಕ್ಟ್ರು, ಕುಂದಾಪುರ

ಆ ಸಣ್ಣ ಗೀಟಿನ ಬೆಲೆ ನಮಗೆ ದಿನಾ ಗೊತ್ತಾಗುತ್ತದೆ. ಪೆಂಫಿಗಸ್ ಅಂತ ಒಂದು ಕಾಯಿಲೆ. ಶರೀರ ತಾನೇ ಆ ಡೆಸ್ಮೋಸೋಮ್ ಹಿಡಿತದ ಪ್ರೋಟೀನಿನ ಮೇಲೆ ಎರಗುತ್ತದೆ. ಹಿಡಿತ ಬಿಟ್ಟ ಕೋಶಗಳು ಒಂದೊಂದಾಗಿ ದುಂಡಗಾಗಿ ತೇಲುತ್ತವೆ, ಮಧ್ಯೆ ನೀರು ತುಂಬಿ ಗುಳ್ಳೆ ಏಳುತ್ತದೆ. ಬುಡದ ಸಾಲು ಮಾತ್ರ ಕೆಳಗೆ ಅಂಟಿಕೊಂಡು ಸಮಾಧಿ ಕಲ್ಲುಗಳ ಸಾಲಿನ ಹಾಗೆ ನಿಂತಿರುತ್ತದೆ. ಎಷ್ಟೋ ಜನರಿಗೆ ಬಾಯಿಹುಣ್ಣಿನಿಂದ ಶುರುವಾಗುತ್ತದೆ. ಹುಣ್ಣು ವಾರಗಟ್ಟಲೆ ಗುಣವಾಗದಿದ್ದರೆ ಸುಮ್ನೆ ಬಿಡಬೇಡಿ, ತೋರಿಸಿ.

ಸೋರಿಯಾಸಿಸ್‌ನಲ್ಲಿ ಬೇರೆಯೇ ಚಿತ್ರ. ನಾಲ್ಕು ವಾರದ ಪಯಣ ಕೆಲವೇ ದಿನಕ್ಕೆ ಮುಗಿಯುತ್ತದೆ. ಅಷ್ಟು ಅವಸರದಲ್ಲಿ ಏರಿದ ಕೋಶಕ್ಕೆ ಕಾಳು ಕಟ್ಟಲು, ನ್ಯೂಕ್ಲಿಯಸ್ ಕಳಚಲು ಸಮಯವೇ ಇಲ್ಲ. ಗ್ರಾನುಲೋಸಮ್ ತೆಳುವಾಗುತ್ತದೆ ಅಥವಾ ಇರುವುದೇ ಇಲ್ಲ, ಕಾರ್ನಿಯಮ್‌ನಲ್ಲಿ ನ್ಯೂಕ್ಲಿಯಸ್ ಉಳಿದುಕೊಳ್ಳುತ್ತದೆ. ಆರೋಗ್ಯವಂತ ಚರ್ಮದ ಸ್ಲೈಡನ್ನು ಕಣ್ಣಲ್ಲಿ ಕೂರಿಸಿಕೊಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಬಾಯಿಪಾಠ ಮಾಡಿದವರಿಗೆ ಹೊಳೆಯುವುದಿಲ್ಲ. ಈ ಮಾತು ಸೀನಿಯರ್‌ಗೆ.

ಸೀನಿಯರ್, ಅತ್ತಾವರ

ಡಾಕ್ಟ್ರೇ, ಒಪ್ಪಿದೆ. ಪೆಥಾಲಜಿಯಲ್ಲಿ ಸೋರಿಯಾಸಿಸ್ ಸ್ಲೈಡ್ ಬಂದಾಗ ನನಗೆ ತಿಳಿಯಲೇ ಇಲ್ಲ. ಎಲ್ಲಿ ತಪ್ಪಿದ್ದು ಅಂತ ಈಗ ಗೊತ್ತಾಯಿತು.

ಬಂಟ್ವಾಳದ ಮಗಳು

ನಾನು ಮೆಡಿಕಲ್ ಓದಿದವಳಲ್ಲ, ಬಿಕಾಂ. ಆದರೂ ಒಂದು ಕೇಳಬೇಕು ಅನ್ನಿಸಿತು. ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕತ್ತರಿ ಹಿಡಿದು ಎಲೆ ಕತ್ತರಿಸಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಲ್ಲಿನ ಹಾಗೆ ದಡ್ಡು ಕಟ್ಟಿದೆ. ಬೆರಳ ತುದಿ ಮಾತ್ರ ಸವೆದು ನುಣ್ಣಗಾಗಿದೆ. ರೇಷನ್ ಅಂಗಡಿಯಲ್ಲಿ ಮಿಷನ್‌ಗೆ ಹೆಬ್ಬೆಟ್ಟು ತಾಗುವುದಿಲ್ಲ. ಮೂರು ಮೂರು ಸಲ ಒರೆಸಿ ಇಡಬೇಕು, ಹಿಂದೆ ಕ್ಯೂ ನಿಂತವರ ಎದುರು ಅಮ್ಮನಿಗೆ ಬೇಜಾರಾಗುತ್ತದೆ. ಒಂದೇ ಕೈ. ಒಂದು ಕಡೆ ದಪ್ಪ, ಒಂದು ಕಡೆ ಸವೆತ ಯಾಕೆ? ಬೆರಳ ಗೆರೆ ಪುನಃ ಬರುತ್ತದಾ?

ಚರ್ಮದ ಡಾಕ್ಟ್ರು, ಕುಂದಾಪುರ

ಒಂದೇ ಜಾಗಕ್ಕೆ ಒತ್ತಡ ಮತ್ತೆ ಮತ್ತೆ ಬಿದ್ದರೆ ಚರ್ಮ ಕಾರ್ನಿಯಮ್ ಜಾಸ್ತಿ ಕಟ್ಟುತ್ತದೆ. ಅದೇ ದಡ್ಡು. ಸ್ಲೈಡ್ ಮಾಡಿದರೆ ಮೇಲಿನ ಗುಲಾಬಿ ಪಟ್ಟಿ ಎರಡು ಮೂರು ಪಟ್ಟು ದಪ್ಪ ಕಂಡೀತು. ಬೆರಳ ತುದಿಯಲ್ಲಿ ನಡೆಯುವುದು ಉಜ್ಜಾಟ. ಎಲೆಯನ್ನು ದಿನವಿಡೀ ಉರುಳಿಸುವಾಗ, ಕಟ್ಟುವುದಕ್ಕಿಂತ ಬೇಗ ಸವೆಯುತ್ತದೆ.

ಗೆರೆ ಬರುತ್ತದೆ. ಬೆರಳ ಗೆರೆಯ ನಕ್ಷೆ ಇರುವುದು ಮೇಲಿನ ಸತ್ತ ಪದರದಲ್ಲಲ್ಲ. ಅದು ಕೆಳಗೆ, ಮಾಸ್ಟ್ರು ಹೇಳಿದ ಆ ಗುಬುಟುಗಳ ಸಾಲಿನಲ್ಲಿ, ಬುಡದ ಪದರ ಒಳಚರ್ಮಕ್ಕೆ ಸೇರುವಲ್ಲಿ ಉಂಟು. ಮೇಲೆ ಸವೆದರೂ ಕೆಳಗಿನಿಂದ ಅದೇ ನಕ್ಷೆಯಲ್ಲಿ ಹೊಸ ಕೋಶ ಏರುತ್ತದೆ. ಅಮ್ಮನಿಗೆ ಕೆಲವು ವಾರ ಆ ಬೆರಳಿಗೆ ವಿಶ್ರಾಂತಿ ಸಿಕ್ಕಿದರೆ ವ್ಯತ್ಯಾಸ ಕಂಡೀತು. ರಾತ್ರಿ ಮಲಗುವಾಗ ವ್ಯಾಸಲೀನ್ ಅಥವಾ ತೆಂಗಿನೆಣ್ಣೆ ಹಚ್ಚಲಿ. ಒಣಗಿದ ಬೆರಳು ಮಿಷನ್‌ಗೆ ಸರಿ ತಾಗುವುದಿಲ್ಲ. ದಡ್ಡನ್ನು ಬ್ಲೇಡಿನಲ್ಲಿ ಕೆರೆಯಲು ಬಿಡಬೇಡಿ, ಶುಗರ್ ಇದ್ದರಂತೂ ಖಂಡಿತ ಬೇಡ.

ಬಂಟ್ವಾಳದ ಮಗಳು

ತುಂಬಾ ಉಪಕಾರವಾಯಿತು ಡಾಕ್ಟ್ರೇ. ಅಮ್ಮನಿಗೆ ಓದಿ ಹೇಳಿದೆ. ಗೆರೆ ಒಳಗೆ ಉಂಟಂತೆ ಅಂತ ಕೈ ನೋಡಿಕೊಂಡೇ ಕೂತಿದ್ದಾರೆ.

ಇನ್ನೊಂದು ಹೊಳೆಯಿತು. ಮದುವೆಗೆ ಮದರಂಗಿ ಹಾಕಿದರೆ ಅಂಗೈಯಲ್ಲಿ ಗಾಢ ಕೆಂಪು, ಮೊಣಕೈ ಹತ್ತಿರ ಬರುವಾಗ ಪೇಲವ. ಅದಕ್ಕೂ ಇದೇ ಕಾರಣವಾ?

ಕದ್ರಿ ಮಾಸ್ಟ್ರು

ಇದೇ ಕಾರಣ. ಮದರಂಗಿಯ ಬಣ್ಣ ಕೂರುವುದು ಕಾರ್ನಿಯಮ್‌ನ ಕೆರಾಟಿನ್ ಮೇಲೆ. ಅಂಗೈಯಲ್ಲಿ ಅದು ದಪ್ಪ, ಹಾಗಾಗಿ ಬಣ್ಣ ಗಾಢ. ಎರಡು ಮೂರು ವಾರದಲ್ಲಿ ಕೋಶಗಳು ಉದುರಿದ ಹಾಗೆ ಬಣ್ಣವೂ ಹೋಗುತ್ತದೆ. ಹಚ್ಚೆಯ ಶಾಯಿ ಒಳಚರ್ಮಕ್ಕೆ ಇಳಿದಿರುತ್ತದೆ, ಉದುರುವ ಪದರಕ್ಕೆ ಸಂಬಂಧವೇ ಇಲ್ಲ, ಅದಕ್ಕೇ ಜೀವನಪೂರ್ತಿ ಉಳಿಯುತ್ತದೆ. ನಾನು ಇಷ್ಟು ವರ್ಷ ಪಾಠ ಮಾಡಿ ಈ ಉದಾಹರಣೆ ಒಮ್ಮೆಯೂ ಕೊಟ್ಟಿಲ್ಲ ಅಂತ ಈಗ ಅನ್ನಿಸುತ್ತಿದೆ.

ಕಾರ್ಕಳ ಝೂಲಜಿ

ಬಿಎಸ್ಸಿಯವರಿಗೆ, ಹೈಸ್ಕೂಲ್ ಟೀಚರುಗಳಿಗೆ: ಮೈಕ್ರೋಟೋಮ್ ಇಲ್ಲದೆಯೂ ಸ್ವಲ್ಪ ನೋಡಬಹುದು. ತೋಳಿನ ಒಳಭಾಗಕ್ಕೆ ಸೆಲ್ಲೋ ಟೇಪ್ ಒತ್ತಿ ಎಳೆಯಿರಿ, ಸ್ಲೈಡಿಗೆ ಅಂಟಿಸಿ. ನ್ಯೂಕ್ಲಿಯಸ್ ಇಲ್ಲದ ಚಪ್ಪಟೆ ಚೂರುಗಳು ಕಾಣುತ್ತವೆ. ಐಸ್‌ಕ್ರೀಮ್ ಕಡ್ಡಿಯಿಂದ ಕೆನ್ನೆಯ ಒಳಭಾಗ ಮೆಲ್ಲಗೆ ಉಜ್ಜಿ, ಇನ್ನೊಂದು ಸ್ಲೈಡಿಗೆ ಸವರಿ, ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ. ಇಲ್ಲಿ ಪ್ರತಿ ಕೋಶದ ನಡುವೆ ನೀಲಿ ನ್ಯೂಕ್ಲಿಯಸ್. ಎರಡೂ ಹಲವು ಸಾಲಿನ ಎಪಿಥೀಲಿಯಮ್, ಅಂದರೆ ಮೇಲ್ಮೈ ಹೊದಿಕೆಯ ಕೋಶಗಳು, ಆದರೆ ಕೆನ್ನೆಯ ಒಳಗೆ ಸದಾ ಒದ್ದೆ, ಕೆರಾಟಿನ್ ಕಟ್ಟುವ ಅಗತ್ಯ ಬೀಳಲಿಲ್ಲ. ಎರಡು ಸ್ಲೈಡ್ ಪಕ್ಕಪಕ್ಕ ಇಟ್ಟರೆ ಎಂಟನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ.

ಮೈಕ್ರೋಸ್ಕೋಪ್ ಇರುವವರು ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಬರದ ಹಾಗೆ ನೋಡಿಕೊಳ್ಳಿ. ಕಪಾಟಿನಲ್ಲಿ ಸಣ್ಣ ಬಲ್ಬ್ ಉರಿಸಿಡಿ, ಸಿಲಿಕಾ ಜೆಲ್ ಇಡಿ. ರೆಕ್ಸಿನ್ ಕವರ್ ಹಾಕಿ ಮೂಲೆಗೆ ತಳ್ಳಿದರೆ ಒಳಗೆ ತೇವ ನಿಂತು ಇನ್ನೂ ಬೇಗ ಹಾಳಾಗುತ್ತದೆ.

ದೇರಳಕಟ್ಟೆ ಫಸ್ಟ್ ಇಯರ್

ಇವತ್ತು ಪ್ರಾಕ್ಟಿಕಲ್ ಇತ್ತು. ಬಂದ ಕೂಡಲೇ ಬರೆಯುತ್ತಿದ್ದೇನೆ.

4ರಲ್ಲಿ ಇಟ್ಟು ಐದು ನಿಮಿಷ ಸುಮ್ನೆ ನೋಡಿದೆ. 10ರಲ್ಲಿ ಕಾಳಿನ ಪದರ ಹುಡುಕಿದೆ. ಮೊದಲು ಸಿಗಲಿಲ್ಲ. ಐರಿಸ್ ಸ್ವಲ್ಪ ಮುಚ್ಚಿದೆ, ಸಿಕ್ಕಿತು! ಕರಿ ಎಳ್ಳೇ ಸರ್. ಅಲ್ಲಿಂದ ಕೆಳಗೆ ಬೆರಳಿಟ್ಟ ಹಾಗೆ ಒಂದೊಂದೇ ಇಳಿದೆ. ಬುಡದ ಕಂದು ಸಾಲು ಕಂಡಿತು. ದ್ವೀಪದ ಸುತ್ತ ಉಂಗುರವೂ ಇತ್ತು, ಪಕ್ಕದ ಬೆಂಚಿನವಳಿಗೆ ತೋರಿಸಿದೆ. ಲೂಸಿಡಮ್ ಕಾಣಲಿಲ್ಲ. ರೆಕಾರ್ಡಿನ ಹಳೆಯ ಚಿತ್ರದ ಪಕ್ಕದ ಪುಟದಲ್ಲಿ ಹೊಸದು ಬಿಡಿಸಿ, ನಾಲ್ಕೇ ಪದರಕ್ಕೆ ಬಾಣ ಹಾಕಿ, ಲೂಸಿಡಮ್ ಈ ಸ್ಲೈಡಿನಲ್ಲಿ ಕಾಣಲಿಲ್ಲ ಅಂತ ಬರೆದೆ. ಮೇಡಂ ಓದಿ, ಸ್ಲೈಡ್ ತಾವೂ ನೋಡಿ, ಸೈನ್ ಹಾಕಿದರು.

ಒಂದು ಹೊಸ ಸಂಶಯ. ದಪ್ಪ ಚರ್ಮದ ಕಾರ್ನಿಯಮ್‌ನಲ್ಲಿ ಒಂದರ ಮೇಲೊಂದು ಓರೆಯಾಗಿ ನಾಲ್ಕು ಸಣ್ಣ ತೂತು. ಬ್ಲೇಡಿನ ಗುರುತಾ ಅಕ್ಕ?

ಉಡುಪಿ ಲ್ಯಾಬ್ ಅಕ್ಕ

ಅಲ್ಲ ತಂಗಿ. ಬ್ಲೇಡಿನದ್ದಾದರೆ ಅಡ್ಡ ಗೆರೆಯಾಗಿ ಇಡೀ ಅಗಲಕ್ಕೆ ಇರುತ್ತದೆ. ನೀವು ಕಂಡದ್ದು ಬೆವರಿನ ನಾಳ. ಅದು ಎಪಿಡರ್ಮಿಸ್‌ನಲ್ಲಿ ಸ್ಕ್ರೂ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ನಮ್ಮ ಸೆಕ್ಷನ್ ಅದನ್ನು ನಾಲ್ಕು ಸುತ್ತಿನಲ್ಲಿ ನಾಲ್ಕು ಸಲ ಕತ್ತರಿಸಿದೆ. ನಾಲ್ಕು ತೂತು ಸೇರಿ ಒಂದೇ ನಾಳ. ಮುಂದಿನ ಸಲ ಅದೇ ಜಾಗದಿಂದ ಕೆಳಗೆ ಒಳಚರ್ಮದವರೆಗೆ ಹುಡುಕುತ್ತಾ ಹೋಗಿ. ಗುಬುಟುಗಳ ನಡುವೆ ಇಳಿದು, ಇನ್ನೂ ಆಳದಲ್ಲಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡ ಗ್ರಂಥಿ ಸಿಗಬಹುದು.

ದೇರಳಕಟ್ಟೆ ಫಸ್ಟ್ ಇಯರ್

ಸ್ಲೈಡ್ ನಂಬರ್ ಬರೆದಿಟ್ಟಿದ್ದೇನೆ ಅಕ್ಕ. ಗುರುವಾರ ಅದೇ ಸ್ಲೈಡ್ ಕೇಳಿ ತೆಗೆದುಕೊಳ್ಳುತ್ತೇನೆ.